ಕಾಲು ಮುಂದಾಗಿ ಹುಟ್ಟಿದವಳ ಗಂಡ

"ಆತು, ನಾಳೆ ಬೆಳಿಗ್ಗೆ ಒದೀತೆ. ಈಗ ಮಲ್ಕಳಿ."

ನನ್ನ ಹೆಂಡತಿ ನನಗೆ ಕೊನೆಗೆ ಹೇಳಿದ ಮಾತು ಇದು. ಕೇಳಿದವರಿಗೆ ನಗು ಬರುತ್ತದೆ. ಬರಲಿ. ಬೆನ್ನುನೋವು ಇದ್ದವನಿಗೆ ನಾಚಿಕೆಗೇಡು ಒಂದಕ್ಕೇ ಮುಗಿಯುವುದಿಲ್ಲ. ಆಗುತ್ತಲೇ ಇರುತ್ತದೆ.

ಅವಳು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮಾವಳ್ಳಿಯ ನಮ್ಮ ಅಂಗಳದಲ್ಲಿ ಬೆಳಗಾದರೆ ಯಾರಾದರೂ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ಅವಳು ದೇವರಿಗೆ ಕೈ ಮುಗಿದು, ಸೆರಗು ಸಿಕ್ಕಿಸಿ, ಹಿಮ್ಮಡಿಯಿಂದ ಮೆಲ್ಲಗೆ ಒಂದು ಕೊಡುತ್ತಿದ್ದಳು. ಆಮೇಲೆ ಚಾ.

ನಾನು ಚಿರೆಕಲ್ಲು ಕಟ್ಟುವ ಮೇಸ್ತ್ರಿ. ಕಲ್ಲು ಎತ್ತಿ ಎತ್ತಿ, ಊರಲ್ಲಿ ಎಲ್ಲರಿಗಿಂತ ಕೆಟ್ಟ ಬೆನ್ನು ನನ್ನದು. ನನಗೆ ಮಾತ್ರ ಒದೆ ಇಲ್ಲ. ಗಂಡನಿಗೆ ಕಾಲು ತಾಗಿಸಿದರೆ ಪಾಪ ಬರುತ್ತದೆ ಎನ್ನುತ್ತಿದ್ದಳು. ನಾನು ಕೇಳುವುದು ಬಿಡಲಿಲ್ಲ. ಅವಳು ಒಪ್ಪಲಿಲ್ಲ.

ಹೆಲ್ಮೆಟ್

ಭಟ್ಕಳದಲ್ಲಿ ಬೆನ್ನು ತಿರುವಿ ಲಟಕ್ ಅನ್ನಿಸುವ ಡಾಕ್ಟರೊಬ್ಬರು ಇದ್ದರು. ಅವರ ಕೈಯಿಂದ ಸ್ವಲ್ಪ ದಿನ ಹಗುರ ಆಗುತ್ತಿತ್ತು, ಮತ್ತೆ ಅದೇ ನೋವು. ಒಂದು ಸಲ ಹೋದಾಗ ನನ್ನನ್ನು ಮಗ್ಗುಲಾಗಿ ಮಲಗಿಸಿದರು. ಉಸಿರು ಬಿಡಿ ಎಂದರು. ಬಿಟ್ಟೆ. ತಿರುವಿದರು. ಲಟಕ್ ಎಂದಿತು. ನನಗೆ ಎಂತದೂ ಆಗಲಿಲ್ಲ. ಡಾಕ್ಟರದೇ ಸೊಂಟ ಹಿಡಿದು, ಬಗ್ಗಿದವರು ಬಗ್ಗಿದ ಹಾಗೇ ಉಳಿದರು.

ನಾನೇ ಕೆಳಗಿಳಿದು ಅವರನ್ನು ಬೆಂಚಿನ ಮೇಲೆ ಮಲಗಿಸಿದೆ. ಹೊರಗೆ ಕಾಯುತ್ತಿದ್ದ ಒಬ್ಬ ಇಣುಕಿ, ಡಾಕ್ಟ್ರು ಯಾರು ಎಂದು ಕೇಳಿದ. ನಾನು ಎಂದರೂ ನಂಬುತ್ತಿದ್ದ.

ಪಾಪ ಎನಿಸಿ ಹೆಂಡತಿಯ ಒದೆಯ ಸುದ್ದಿ ಹೇಳಿ ಬಂದೆ. ಡಾಕ್ಟರು ಮುಸ್ಸಂಜೆಗೆ ಯಾರದೋ ಬೈಕಿನ ಹಿಂದೆ ಕೂತು ನಮ್ಮ ಮನೆಗೆ ಬಂದರು. ಗುರುತು ಸಿಗಬಾರದೆಂದು ಹೆಲ್ಮೆಟ್ ತೆಗೆಯಲಿಲ್ಲ. ಹಾಗೇ ಒದೆ ತಿಂದರು. ಹೆಲ್ಮೆಟ್ ಒಳಗಿಂದಲೇ ಥ್ಯಾಂಕ್ಸ್ ಅಂದು, ಚಾ ಕುಡಿಯದೆ ಹೋದರು.

ಮುಂದಿನ ವಾರ ಭಟ್ಕಳ ಪೇಟೆಯಲ್ಲಿ ಕಂಡರು. ಸೊಂಟಕ್ಕೆ ಬೆಲ್ಟ್ ಬಿಗಿದಿತ್ತು. ನನ್ನ ಗುರುತು ಇಲ್ಲದ ಹಾಗೆ ಮಾಡಿದರು. ನಾನೂ ಹಾಗೇ ಮಾಡಿದೆ.

ಬೆಕ್ಕು

ಆಮೇಲೆ ಹೆಂಡತಿಯೇ ನನ್ನನ್ನು ಕುಮಟೆಗೆ ಕರೆದುಕೊಂಡು ಹೋದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಇದ್ದಾರೆ, ಸಣ್ಣ ಪ್ರಾಯದವರು. ಲಟಕ್ ಅನ್ನಿಸಿದರೂ ಗುಣ, ವ್ಯಾಯಾಮ ಮಾಡಿದರೂ ಗುಣ, ಹೆಚ್ಚುಕಡಿಮೆ ಎರಡೂ ಒಂದೇ ಎಂದರು. ಅದನ್ನು ಬೇರೆಯವರು ಮಾಡಬೇಕು, ಇದನ್ನು ನೀವೇ ಮಾಡಬೇಕು, ಅಷ್ಟೇ ವ್ಯತ್ಯಾಸ ಎಂದರು. ಹಾಗಾದರೆ ಬೇರೆಯವರು ಮಾಡುವುದೇ ಒಳ್ಳೆಯದು ಎಂದೆ. ಅವರು ನಗಲಿಲ್ಲ.

ಮಂಡಿ ಊರಿ, ಕೈ ಊರಿ, ಬೆಕ್ಕಿನ ಹಾಗೆ ಬೆನ್ನು ಮೇಲೆ ಮಾಡಿ ಎಂದರು. ಹೆಂಡತಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ನನಗೆ ಮುಖ ಎತ್ತಲಾಗಲಿಲ್ಲ. ಮನೆಯಲ್ಲಿ ಮಾಡುತ್ತೇನೆ ಎಂದೆ.

"ಬ್ಯಾಡ ಅಮ್ಮಾ, ಇಲ್ಲೇ ಮಾಡ್ಸಿ," ಎಂದಳು ಹೆಂಡತಿ. "ಮನೆಲಿ ಬೆಕ್ಕು ಅದೆ. ಅದಕ್ಕೆ ನಾಚ್ಕೆ ಆತದೆ."

ಹೊನ್ನಾವರದವ

ಇನ್ನೊಂದು ವ್ಯಾಯಾಮ ಇತ್ತು. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಎತ್ತಿ ಇಳಿಸಬೇಕು. ದಿನಾ ಬೆಳಿಗ್ಗೆ ಜಗಲಿಯಲ್ಲಿ ಮಾಡುತ್ತಿದ್ದೆ. ಎದುರಿಗೆ ಅಂಗಳದಲ್ಲಿ ಒದೆಗೆ ಬಂದವರು. ಎಲ್ಲಿ ನೋಡಬೇಕು ಎಂದು ಅವರಿಗೂ ತಿಳಿಯದು, ನನಗೂ ತಿಳಿಯದು.

ಒಂದು ದಿನ ಹೊನ್ನಾವರದ ಮೀನು ಲಾರಿಯವನೊಬ್ಬ ಬಂದ. ನನ್ನನ್ನು ನೋಡಿದ. ಒದೆಗೆ ಮೊದಲು ಇದನ್ನು ಮಾಡಬೇಕು ಎಂದುಕೊಂಡಿರಬೇಕು. ಪಕ್ಕದಲ್ಲಿ ಮಲಗಿ ಅವನೂ ಎತ್ತತೊಡಗಿದ. ಹೆಂಡತಿ ಒಳಗೆ ದೋಸೆ ಹೊಯ್ಯುತ್ತಿದ್ದಳು, ತಡವಾಯಿತು. ಅವಳು ಕೈ ಒರೆಸಿಕೊಂಡು ಹೊರಗೆ ಬರುವಾಗ ಅವನು ಎದ್ದು ಸೊಂಟ ಆಚೀಚೆ ಆಡಿಸುತ್ತಿದ್ದ. ನೋವು ಹೋಯಿತು ಅಕ್ಕಾ ಎಂದು ಹೊರಟೇ ಹೋದ.

ಅವಳು ಅವನು ಹೋದ ದಾರಿ ನೋಡಿದಳು, ನನ್ನನ್ನು ನೋಡಿದಳು.

"ಊರವ್ರಿಗೆಲ್ಲ ಗುಣ ಆತು," ಎಂದಳು. "ನಿಮಗೊಬ್ರಿಗೇ ಎಂತ ರೋಗ?"

ಮರುದಿನ

ಆ ಸಂಜೆ ನೋವು ಜೋರಾಗಿತ್ತು. ಕೂತಲ್ಲಿಂದ ಏಳಲಾಗಲಿಲ್ಲ, ಅವಳೇ ಎಬ್ಬಿಸಿದಳು. ಒಂದು ಒದೆ ಕೊಡು ಎಂದು ಮತ್ತೆ ಕೇಳಿದೆ. ಈ ಸಲ ನಕ್ಕು ಒಪ್ಪಿದಳು. ಖುಷಿಯಲ್ಲಿ ನನಗೆ ಒಳ್ಳೆಯ ನಿದ್ದೆ ಬಂತು. ಅವಳು ನಿದ್ದೆಯಲ್ಲೇ ಹೋದಳು.

ಬೆಳಿಗ್ಗೆ ಕರೆದೆ. ಮುಟ್ಟಿದೆ. ಗೊತ್ತಾಯಿತು. ಕಿಟಕಿಯಿಂದ ಪಕ್ಕದ ಮನೆಯ ಅಕ್ಕನನ್ನು ಕೂಗಿದೆ. ಅವರು ಬರುವುದಕ್ಕೆ ಸ್ವಲ್ಪ ಹೊತ್ತಿತ್ತು. ಮೆಲ್ಲಗೆ ನೆಲಕ್ಕೆ ಇಳಿದು, ಅವಳ ಚಾಪೆಯ ಕೊನೆಗೆ ಹೋಗಿ, ಅವಳಿಗೆ ಬೆನ್ನು ಮಾಡಿ ಮಲಗಿದೆ. ಹಿಂದಕ್ಕೆ ಸರಿದು ಸರಿದು ಬೆನ್ನಿಗೆ ಅವಳ ಹಿಮ್ಮಡಿ ತಾಗಿಸಿಕೊಂಡೆ. ತಣ್ಣಗಿತ್ತು.

ಮತ್ತೆ ಏಳಲು ಹೋದರೆ ಸೊಂಟ ಹಿಡಿಯಿತು. ಅಲ್ಲಾಡಲಾಗಲಿಲ್ಲ.

ಅಕ್ಕ ಬಾಗಿಲಿಗೆ ಬಂದು, ಇಬ್ಬರು ಮಲಗಿದ್ದು ನೋಡಿ, ಎದೆ ಬಡಿದುಕೊಂಡು ಬೀದಿಗೆ ಕೇಳುವ ಹಾಗೆ ಅತ್ತರು. ಇಬ್ಬರೂ ಹೋದರು ಎಂದು ಅತ್ತರು. ಒದೆಗೆ ಬಂದು ಅಂಗಳದಲ್ಲಿ ನಿಂತವರೆಲ್ಲ ಸೊಂಟ ಹಿಡಿದುಕೊಂಡೇ ಒಳಗೆ ಬಂದರು.

"ನಾನು ಹೋಗ್ಲಿಲ್ಲ," ಎಂದೆ.

ಅಕ್ಕ ಅಳು ನಿಲ್ಲಿಸಿದರು. ಅವಳ ಕಾಲಡಿ ಎಂತ ಮಾಡುತ್ತಿದ್ದೀರಿ ಎಂದು ಕೇಳಿದರು. ಎಲ್ಲರೂ ನೋಡುತ್ತಿದ್ದರು. ನಿಜ ಹೇಳಲು ಬಾಯಿ ಬರಲಿಲ್ಲ.

"ಕುಮಟೆ ಡಾಕ್ಟರಮ್ಮ ಹೇಳಿದ ವ್ಯಾಯಾಮ," ಎಂದೆ.

ಯಾರೂ ನಂಬಿದ ಹಾಗೆ ಕಾಣಲಿಲ್ಲ. ಅದಕ್ಕೆ ಅಲ್ಲೇ, ಅವಳ ಕಾಲ ಬಳಿಯೇ, ಹಲ್ಲು ಕಚ್ಚಿ ಅಂಗಾತ ಹೊರಳಿ, ಮೊಣಕಾಲು ಮಡಚಿ, ಸೊಂಟ ಎತ್ತಿ ತೋರಿಸಿದೆ.