ಮರಿಯಮ್ಮನ ಮುಂದಿನ ಹಗ್ಗ

ನಮ್ಮ ಊರಿನವರು ನಾಲ್ಕು ಜನ ಸೇರಿದರೆ ಏನಾದರೊಂದು ಆಗಿಯೇ ಆಗುತ್ತದೆ. ಅದಕ್ಕೆ ಮಂಗಳೂರೇ ಬೇಕೆಂದಿಲ್ಲ, ಮಸ್ಕತ್ತೂ ಸಾಕು.

ಮಸ್ಕತ್ತಿನ ಬೌಷರಿನ ಒಂದು ಪ್ರದರ್ಶನ ಮಂದಿರದಲ್ಲಿ ನಾನು ಸೂಪರ್‌ವೈಸರ್. ಕಳೆದ ಚಳಿಗಾಲ ಸ್ಪೇನಿನ ಒಂದು ಕಲಾ ಮ್ಯೂಸಿಯಮ್ಮಿನ ಚಿತ್ರಗಳು ನಮ್ಮಲ್ಲಿಗೆ ಬಂದವು. ಹಿಂದೆ ಕನ್ಯಾಸ್ತ್ರೀಯರು ವಾಸವಿದ್ದ ಮಠವೇ ಈಗ ಆ ಮ್ಯೂಸಿಯಂ ಅಂತೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ ಯೇಸುವಿನ ತಾಯಿ ಮರಿಯಮ್ಮನದು. ಚಿತ್ರಗಳ ಜೊತೆಗೆ ಅವನ್ನು ಕಾಯಲು ಒಬ್ಬ ಮೇಡಂ ಕೂಡ ಬಂದರು.

"ಮರಿಯಮ್ಮನ ಆ ದೊಡ್ಡ ಚಿತ್ರವನ್ನು ಯಾರಾದರೂ ಮುಟ್ಟಿದರೆ, ಅವತ್ತೇ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸುತ್ತೇನೆ" ಎಂದರು ಮೇಡಂ. ನಮ್ಮ ಒಮಾನಿ ಮ್ಯಾನೇಜರ್ ನನ್ನ ಭುಜ ತಟ್ಟಿ, "ಚಿತ್ರ ಹೋದರೆ ನೀನೂ ಖಲಾಸ್" ಎಂದರು. ಮಗಳ ಶಾಲೆ, ಬಾಡಿಗೆ ಫ್ಲ್ಯಾಟು ಎಲ್ಲ ಕಣ್ಣ ಮುಂದೆ ಬಂತು. ಚಿತ್ರವನ್ನು ಮುಟ್ಟಿದರೆ ಕೂಗುವ ಅಲಾರಂ ಇತ್ತು. ನನಗೆ ಅದರ ಮೇಲೂ ಭರವಸೆ ಇರಲಿಲ್ಲ, ನಮ್ಮವರ ಮೇಲಂತೂ ಇರಲೇ ಇಲ್ಲ.

ಚಪ್ಪಲಿ

ಮೊದಲ ಶುಕ್ರವಾರ ಅಲ್ ಹೈಲ್‌ನಿಂದ ಒಂದು ತುಳು ಕುಟುಂಬ ಬಂತು. ಅಜ್ಜಿ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. "ಬೇಡ ಅಮ್ಮ, ಇದು ಮ್ಯೂಸಿಯಂ" ಎಂದೆ. "ಒಳಗೆ ದೇವರು ಉಂಟಲ್ಲ ಮಾರಾಯ?" ಎಂದರು. ಅವರನ್ನು ನೋಡಿ ಹಿಂದಿನವರೂ ಬಿಟ್ಟರು. ಮಧ್ಯಾಹ್ನದೊಳಗೆ ಬಾಗಿಲಲ್ಲಿ ಚಪ್ಪಲಿ ಬೂಟುಗಳ ರಾಶಿ. ಊಟ ಮುಗಿಸಿ ಬಂದ ಮೇಡಂ ಅದನ್ನು ನೋಡಿದರು. ಈ ದೇಶದ ಪದ್ಧತಿ ಎಂದುಕೊಂಡು, ಗೌರವದಿಂದ ತಮ್ಮ ಹೈಹೀಲ್ಡನ್ನೂ ಬಿಟ್ಟು ಒಳಗೆ ಹೋದರು.

ಸಂಜೆ ನೋಡಿದರೆ ಹೈಹೀಲ್ಡ್ ನಾಪತ್ತೆ. ಮೇಡಂ ಹೋಟೆಲಿಗೆ ಹೋದದ್ದು ಉಳಿದಿದ್ದ ಏಕೈಕ ಜೋಡಿಯಲ್ಲಿ, ಯಾರದ್ದೋ ನೀಲಿ ಬಾತ್‌ರೂಮ್ ಚಪ್ಪಲಿಯಲ್ಲಿ.

ಹಗ್ಗ

ನಾನು ಎಷ್ಟು ತಡೆದರೂ ಮರಿಯಮ್ಮನ ಪಾದದ ಕಡೆಗೆ ಕೈಗಳು ಏಳುವುದು ನಿಲ್ಲಲಿಲ್ಲ. ಮೇಡಂ ಚಿತ್ರದ ಮುಂದೆ ಕೆಂಪು ಹಗ್ಗ ಕಟ್ಟಿಸಿ, ಇಂಗ್ಲಿಷ್, ಅರಬ್ಬಿ, ಹಿಂದಿಯಲ್ಲಿ 'ಮುಟ್ಟಬಾರದು' ಎಂದು ದೊಡ್ಡ ಬೋರ್ಡನ್ನೂ ಹಾಕಿಸಿದರು.

ನಮ್ಮವರು ಬುದ್ಧಿವಂತರು. ಚಿತ್ರ ಮುಟ್ಟಬಾರದು ತಾನೇ? ಹಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳತೊಡಗಿದರು. ಸಾಲಾಗಿ ಬಂದು ಹಗ್ಗಕ್ಕೆ ನಮಸ್ಕಾರ, ಮಕ್ಕಳ ಹಣೆಗೂ ಹಗ್ಗ. ವಾದಿ ಕಬೀರ್ ಬಡಾವಣೆಯ ಗ್ಯಾರೇಜಿನವನೊಬ್ಬ ಬಂದು ನನ್ನನ್ನೇ ಕೇಳಿದ: "ಪ್ರದರ್ಶನ ಮುಗಿದ ಮೇಲೆ ಈ ಹಗ್ಗ ಎಂತ ಮಾಡ್ತೀರಿ?"

ಮಲ್ಲಿಗೆ

ಊರಿನಿಂದ ವಿಮಾನದಲ್ಲಿ ಮಲ್ಲಿಗೆ ಬರುವ ದಿನ ಯಾರೋ ಹಗ್ಗದ ಕಂಬಕ್ಕೆ ಒಂದು ಅಟ್ಟಿ ಮಲ್ಲಿಗೆ ದಂಡೆ ಸುತ್ತಿ ಹೋಗಿಬಿಡುತ್ತಿದ್ದರು. ಹೂವಿನಲ್ಲಿ ಹುಳ ಇರುತ್ತದೆ, ಹುಳ ಚಿತ್ರ ತಿನ್ನುತ್ತದೆ ಎಂದು ಮೇಡಂ ಕಿರುಚಾಡಿದರು. ಮರಿಯಮ್ಮನ ಹೂವನ್ನು ಕಸಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ, ಮನೆಗೆ ಒಯ್ದೆ. ಹೆಂಡತಿ ಕಣ್ಣರಳಿಸಿ, "ಮದುವೆಯಾದ ಮೇಲೆ ಇದೇ ಮೊದಲು! ಎಂತ ಮರ್ಲು ನಿಮಗೆ, ತಲೆ ಸರಿ ಉಂಟಾ?" ಎಂದು ಮೀನು ಎರಡು ಹೆಚ್ಚೇ ಬಡಿಸಿದಳು.

ಪ್ರದರ್ಶನ ನಡೆದಷ್ಟು ದಿನ ನಾನು ಪ್ರೇಮಮಯಿ ಗಂಡನಾಗಿದ್ದೆ.

ಅತ್ತೆ

ಕೊನೆಯ ದಿನ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆಯನ್ನು ಕರೆತಂದೆ. ದಾರಿಯುದ್ದಕ್ಕೂ "ಮುಟ್ಟಬೇಡಿ, ನನ್ನ ಕೆಲಸ ಹೋಗ್ತದೆ" ಎಂದು ಬೇಡಿದ್ದೆ. ಅತ್ತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಚಿತ್ರದ ಮುಂದೆ ನಿಂತರು. ಹಗ್ಗವನ್ನೂ ಮುಟ್ಟಲಿಲ್ಲ.

"ಆ ಮಠದಲ್ಲಿ ಈಗ ಸಿಸ್ಟರುಗಳು ಎಷ್ಟು ಜನ ಇದ್ದಾರೆ, ಕೇಳು" ಎಂದರು. ನಾನು ಕೇಳಿದೆ. ಯಾರೂ ಇಲ್ಲ ಎಂದರು ಮೇಡಂ.

"ಹಾಗಾದ್ರೆ ಇವಳ ಮುಂದೆ ಪ್ರಾರ್ಥನೆ ಮಾಡುದು ಯಾರು?"

ಮೇಡಂ ತಲೆ ಅಲ್ಲಾಡಿಸಿದರು. ಅತ್ತೆಗೆ ಸಂಕಟವಾಯಿತು. ಜಪಮಾಲೆ ತೆಗೆದು ಅಲ್ಲೇ ಮೆಲ್ಲಗೆ ಕೊಂಕಣಿಯಲ್ಲಿ ಶುರು ಮಾಡಿದರು. ನನ್ನ ಜೀವ ಬಾಯಿಗೆ ಬಂತು. ಆದರೆ ಮೇಡಂ ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ತುಟಿಯೂ ಅಲ್ಲಾಡಿತು, ಸ್ಪ್ಯಾನಿಷಿನಲ್ಲಿ. ತಮ್ಮ ಅಜ್ಜಿ ಕಲಿಸಿದ್ದು ಎಂದು ಪಿಸುಗುಟ್ಟಿ ಕಣ್ಣೊರೆಸಿಕೊಂಡರು.

ಜಪ ಮುಗಿಯಿತು. ಮೇಡಂ ಶಿಲುಬೆ ಗುರುತು ಹಾಕಿಕೊಂಡು, ತಮಗೇ ಅರಿವಿಲ್ಲದೆ ಹಗ್ಗದಾಚೆ ಬಾಗಿ, ಮರಿಯಮ್ಮನ ಪಾದ ಮುಟ್ಟಿ ಬೆರಳಿಗೆ ಮುತ್ತಿಟ್ಟರು.

ಅಲಾರಂ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚಿತು. ಮ್ಯಾನೇಜರ್ ಓಡಿ ಬಂದು, "ಯಾರು ಮುಟ್ಟಿದ್ದು?" ಎಂದು ನನ್ನನ್ನೇ ದಿಟ್ಟಿಸಿದರು. ಮೇಡಂ ಮುಖ ಕೆಂಪಾಗಿತ್ತು.

ಅತ್ತೆಯ ಕೈಗಳು ಮತ್ತೆ ಬೆನ್ನ ಹಿಂದೆ ಹೋಗಿದ್ದವು. ಗದ್ದದಿಂದಲೇ ಮೇಡಮ್ಮನ ಕಡೆ ತೋರಿಸಿದರು:

"ನಾನಲ್ಲಪ್ಪ, ಇವಳು. ಅಷ್ಟು ದೊಡ್ಡ ಬೋರ್ಡ್ ಹಾಕಿದ್ದಾರೆ, ಓದ್ಲಿಕ್ಕೆ ಬರುದಿಲ್ವಾ ಇವಳಿಗೆ?"