ಮಾವನ ಮನೆಯಲ್ಲಿ ಕಿಗ್ಗದ ಚಳಿ

ನನ್ನ ಸೋದರಮಾವನ ಮನೆಗೆ ಹೋಗುವವರು ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ತೆಗೆದುಕೊಂಡು ಹೋಗಬೇಕು. ಇದು ನಾನು ಹೇಳುವುದಲ್ಲ, ಸ್ವತಃ ಮಾವನೇ ನೆಂಟರಿಗೆಲ್ಲ ಫೋನು ಮಾಡಿ ಕೊಟ್ಟಿರುವ ಎಚ್ಚರಿಕೆ. ದಯವಿಟ್ಟು ನಂಬಬೇಡಿ! ನಂಬಿ ಸ್ವೆಟರ್ ಹಿಡಿದುಕೊಂಡು ಹೋದವಳು ನಾನು. ಅಲ್ಲಿ ಅದೇ ಸ್ವೆಟರಿನಲ್ಲಿ ಕುತ್ತಿಗೆಯ ಬೆವರು ಒರೆಸಿಕೊಂಡವಳೂ ನಾನೇ.

ಮಾವ ಇರುವುದು ನರಸಿಂಹರಾಜಪುರದಲ್ಲಿ. ಪಕ್ಕದಲ್ಲೇ ಭದ್ರೆಯ ಹಿನ್ನೀರು ಕಣ್ಣು ಹಾಯಿಸಿದಷ್ಟೂ ಹರಡಿಕೊಂಡಿದ್ದರೂ ಆ ತಂಪೆಲ್ಲ ಕಣ್ಣಿಗೆ ಮಾತ್ರ, ಮೈಗೆ ಒಂದು ಚೂರೂ ಸಿಗುವುದಿಲ್ಲ. ಮಾವನ ಒಬ್ಬಳೇ ಅಕ್ಕ, ಅಂದರೆ ನನ್ನ ಅಮ್ಮ, ಇರುವುದು ಶೃಂಗೇರಿಯಿಂದಾಚೆ ಕಿಗ್ಗದಲ್ಲಿ, ನನ್ನಣ್ಣನ ಸಂಸಾರದ ಜೊತೆ. ಅಲ್ಲಿ ಬೇಸಗೆಯಲ್ಲೂ ಬೆಳಿಗ್ಗೆ ಹೊದಿಕೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಇವರಿಬ್ಬರ ನಡುವೆ ಕೊಪ್ಪದ ಬಾಳಗಡಿಯಲ್ಲಿ ನಾನೊಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕತಮ್ಮಂದಿರ ಸುದ್ದಿಯೆಲ್ಲ ನನ್ನ ಅಂಗಡಿಯ ಮೇಲೆಯೇ ಹಾದು ಹೋಗಬೇಕು. ಇಬ್ಬರ ಹತ್ತಿರವೂ ಫೋನಿದೆ, ನೇರವಾಗಿ ಮಾತಾಡಲು ಇವರಿಗೆ ಏನು ಧಾಡಿ ಎಂದು ಕೇಳುತ್ತೀರಾ? ನಾನೂ ಅದನ್ನೇ ಕೇಳುತ್ತಿದ್ದೆ.

ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತನಾದಾಗ ಮಕ್ಕಳು ಕೈತಪ್ಪಿ ಹೋದರು, ಸೀಟಿ ಮಾತ್ರ ಕೊರಳಲ್ಲೇ ಉಳಿಯಿತು. ಶಿಸ್ತು ಕಲಿಸಲು ಯಾರಾದರೂ ಬೇಕಲ್ಲ? ಮನೆಯ ಸಾಮಾನುಗಳನ್ನೇ ಹಿಡಿದುಕೊಂಡ. ಚಪ್ಪಲಿಗಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು. ಮಿಕ್ಸಿ ಬಿಸಿಯಾದರೆ ಅದಕ್ಕೆ "ವಿಶ್ರಾಮ್!" ಕುಕ್ಕರು ಒಂದು ಸೀಟಿ ಹೆಚ್ಚು ಹೊಡೆದರೆ ಅಡುಗೆಮನೆಗೇ ನುಗ್ಗಿ, "ಯಾರು ಹೇಳಿದ್ರು ನಿಂಗೆ ಹೊಡೀಲಿಕ್ಕೆ?" ಎಂದು ಗದರುವುದು. ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ, "ಬೈದ್ರೆ ಅದಕ್ಕೆ ತಾಗದಿಲ್ಲ, ಬೆಂಚಿನ ಮೇಲೆ ನಿಲ್ಸಿ" ಎನ್ನುತ್ತಿದ್ದಳು. ಅಷ್ಟು ಹೇಳಿ ತಾನೇ ಬಿದ್ದು ಬಿದ್ದು ನಗುತ್ತಿದ್ದಳು.

ಅಮ್ಮನಿಗೂ ಅತ್ತೆಗೂ ಇದ್ದ ಸ್ನೇಹ ನಾದಿನಿ ಅತ್ತಿಗೆಯರಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಹಲಸಿನ ಕಾಲ ಬಂದರೆ ಸಾಕು, ಅಮ್ಮ ಎನ್.ಆರ್. ಪುರಕ್ಕೆ ಹೊರಟೇಬಿಡುವಳು. ನಡು ಮಧ್ಯಾಹ್ನ, ತಾರಸಿಯ ಮೇಲೆ, ಆ ರಣ ಬಿಸಿಲಿನಲ್ಲಿ ಇಬ್ಬರೂ ಹಪ್ಪಳ ಒಣಗಿಸುತ್ತ ಊರವರ ಸುದ್ದಿಯನ್ನೂ ಜೊತೆಗೇ ಹರವುತ್ತಿದ್ದರು. ಕಾಗೆ ಓಡಿಸುವ ಡ್ಯೂಟಿ ಮಾವನದು. ಸೀಟಿ ಊದಿ ಊದಿ ಓಡಿಸುತ್ತಿದ್ದ. ಕೊನೆಕೊನೆಗೆ ಕಾಗೆಗಳು ಸೀಟಿ ಕೇಳಿದ ಕೂಡಲೇ ಹಪ್ಪಳ ತಯಾರಾಯಿತೆಂದು ತಿಳಿದು ಬರತೊಡಗಿದವಂತೆ!

ಆಮೇಲೆ ಅತ್ತೆ ತೀರಿಹೋದಳು. ಅಮ್ಮ ಕಾರ್ಯಗಳಿಗೆಲ್ಲ ಬಂದಳು, ಆದರೆ ಒಂದು ದಿನವೂ ಉಳಿಯಲಿಲ್ಲ. ಊಟ ಮುಗಿದ ತಕ್ಷಣ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಡುವಳು. ವರ್ಷಾಂತಿಕದ ದಿನ ಮಾವ ಗೇಟಿನವರೆಗೂ ಹಿಂದೆಯೇ ಹೋದ.

"ಇವತ್ತೊಂದು ದಿನ ಇರು ಅಕ್ಕ."

"ನಿನ್ನ ಊರಿನ ಸೆಕೆ ನಂಗಾಗದಿಲ್ಲ ಮಾರಾಯ."

ಅಷ್ಟೇ. ಅಮ್ಮ ಹೇಳಿ ಬಸ್ಸು ಹತ್ತಿದಳು. ಮಾವ ಮಾತ್ರ ಅದನ್ನು ಮೇಲಧಿಕಾರಿಯ ಆರ್ಡರಿನ ಹಾಗೆ ಸ್ವೀಕರಿಸಿದ. ಮುಂದಿನ ಬೇಸಗೆ ಬರುವುದರೊಳಗೆ ಅವನ ನಡುಕೋಣೆಯ ಗೋಡೆಯ ಮೇಲೆ ಒಂದು ಎ.ಸಿ. ಬಂದು ಕೂತಿತ್ತು.

ಮಲೆನಾಡಿನಲ್ಲಿ ಎ.ಸಿ.! ನೆಂಟರೆಲ್ಲ ನಕ್ಕರು. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಶೋಕಿ ಹತ್ತಿದೆ ಎಂದರು. ಮಾವನಿಗೆ ಬೇಕಾಗಿದ್ದು ತಂಪಲ್ಲ, ಅಕ್ಕ ಎಂಬುದು ನನಗೆ ಗೊತ್ತಿತ್ತು. ಮಷಿನ್ನಿಗೆ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಮೊದಲು ಫೋನು ಮಾಡಿದ್ದೇ ನನಗೆ. "ಅಕ್ಕಂಗೆ ಹೇಳು, ಇಲ್ಲಿ ಕಿಗ್ಗದ ಹಂಗೇ ಆಗಿದೆ ಅಂತ." ಹೇಳಿದೆ. ಅಮ್ಮ, "ಹೌದಾ? ನೋಡಾಣ" ಎಂದಳು. ಅವಳ 'ನೋಡಾಣ' ಎಂದರೆ ಬರುವುದಿಲ್ಲ ಎಂದು ಅರ್ಥ. ಮಾವನಿಗೆ ಅದನ್ನು ಹಾಗೆಯೇ ತಲುಪಿಸಲು ನನಗೆ ಬಾಯಿ ಬರಲಿಲ್ಲ.

ಕೋಣೆ ಕಿಗ್ಗದ ಹಾಗಾಗಿದೆ ಎಂದು ಗೊತ್ತಾಗುವುದು ಹೇಗೆ? ಮಾವ ಅದಕ್ಕೂ ಒಂದು ಪರೀಕ್ಷೆ ಇಟ್ಟಿದ್ದ. ಕಿಗ್ಗದಲ್ಲಿ ಅಮ್ಮನ ತೆಂಗಿನೆಣ್ಣೆ ಬಾಟ್ಲಿ ಚಳಿಗೆ ಗಟ್ಟಿಯಾಗಿಬಿಡುತ್ತದೆ, ಒಲೆಯ ಹತ್ತಿರ ಇಟ್ಟು ಕರಗಿಸಿಯೇ ತಲೆಗೆ ಹಚ್ಚಿಕೊಳ್ಳಬೇಕು. ಮಾವನೂ ಒಂದು ಬಾಟ್ಲಿ ತುಂಬ ತೆಂಗಿನೆಣ್ಣೆಯನ್ನು ಎ.ಸಿ.ಯ ಎದುರಿಗೇ ಸ್ಟೂಲಿನ ಮೇಲೆ ನಿಲ್ಲಿಸಿದ. ಎಣ್ಣೆ ಗಟ್ಟಿಯಾದರೆ ಎ.ಸಿ. ಪಾಸು, ಇಲ್ಲದಿದ್ದರೆ ಫೇಲು! ಮೊದಮೊದಲು ಪಾಸಾಯಿತು. ಯುಗಾದಿ ಕಳೆದು ಸೆಕೆ ಏರಿತು, ಸಂಜೆ ಹೊತ್ತು ಗುಡುಗಿ ಒಂದೆರಡು ಮಳೆಯೂ ಬಂತು. ಆಗಲೇ ಶುರುವಾಯಿತು ನೋಡಿ ತೊಂದರೆ. ಎ.ಸಿ. ಗಾಳಿ ಬಿಡುತ್ತಿತ್ತು, ತಂಪು ಬಿಡುತ್ತಿರಲಿಲ್ಲ. ಎಣ್ಣೆ ನೀರಾಗಿಯೇ ಉಳಿಯಿತು.

ದಿನಾ ಫೋನು. ನಾನು ಒಂದು ಕೈಯಲ್ಲಿ ರವಿಕೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ಅದರಲ್ಲಿ ಓದಿದ್ದನ್ನೆಲ್ಲ ಹೇಳುತ್ತಿದ್ದೆ.

"ಮಾವ, ಫಿಲ್ಟರು ತೊಳಿ."

"ಸೀಗೆಪುಡಿ ಹಾಕಿ ತೊಳ್ದು ಬಿಸಿಲಿಗಿಟ್ಟೀನಿ."

"ಸೀಗೆಪುಡಿನಾ! ಅದಕ್ಕೆಂತ ತಲೆಕೂದ್ಲಿದೆಯಾ? ಹೋಗ್ಲಿ, ರಿಮೋಟಲ್ಲಿ ಎಂತ ಕಾಣ್ತದೆ?"

"ಹದಿನಾರು."

"ಮಂಜಿನ ಚಿತ್ರ ಇದೆಯಾ, ಬರೀ ಫ್ಯಾನಿನ ಚಿತ್ರ ಇದೆಯಾ?"

"ಮಂಜಿನದ್ದೇ ಮಾರಾಯ್ತಿ. ಚಿತ್ರದಲ್ಲಿ ಬೇಕಾದಷ್ಟು ಮಂಜಿದೆ."

"ಬಾಗಿಲು ಹಾಕಿದೀಯಾ?"

"ಹಗಲು ಹೊತ್ತು ಬಾಗಿಲು ಹಾಕ್ಕೊಂಡು ಕೂರಕ್ಕೆ ನಮ್ಮನೇಲಿ ಎಂತ ಜಗಳ ಆಗಿದೆಯಾ?"

ಇದು ನಿಜವಾದ ಕಷ್ಟ. ನಮ್ಮ ಕಡೆ ಹಗಲಲ್ಲಿ ಬಾಗಿಲು ಹಾಕಿಕೊಂಡರೆ ನೆರೆಮನೆಯವರು ಗಾಬರಿಯಾಗಿ ಬಂದು ತಟ್ಟುತ್ತಾರೆ. ಕೊನೆಗೆ ಹೇಗೋ ಒಪ್ಪಿಸಿ ಹಾಕಿಸಿದೆ. ಮೂರು ಮನೆಯವರು ಬಂದು ತಟ್ಟಿದರಂತೆ. ಒಬ್ಬರ ಕೈಯಲ್ಲಿ ಗಂಜಿಯೂ ಇತ್ತಂತೆ! ಅಷ್ಟಾದರೂ ಕೋಣೆ ತಣ್ಣಗಾಗಲಿಲ್ಲ.

ಬಾಳಗಡಿಯಿಂದ ಮೆಕ್ಯಾನಿಕ್‌ನನ್ನು ಕಳಿಸಿದೆ. ಅವನು ಹೋಗಿ ಸ್ವಿಚ್ ಹಾಕಿದ. ಎ.ಸಿ. ಭರ್ರನೆ ತಂಪು ಸುರಿಯಿತು. "ಎಂತ ಆಗಿಲ್ಲ ಮೇಷ್ಟ್ರೇ, ಚಳಿ ಹಿಡೀತಿದೆ" ಎಂದು ಚಹಾ ಕುಡಿದು ಬಂದ. ಅವನು ಇತ್ತ ಕೊಪ್ಪ ತಲುಪುವಷ್ಟರಲ್ಲಿ ಅತ್ತ ಮಾವನ ಫೋನು, "ಮತ್ತೆ ಬಿಸಿ ಗಾಳಿ ಮಾರಾಯ್ತಿ!" ಮತ್ತೊಮ್ಮೆ ಕಳಿಸಿದೆ, ಮತ್ತೊಮ್ಮೆ ಅದೇ ಕತೆ. ಮೂರನೆಯ ಸಲ ಕರೆದಾಗ ಮೆಕ್ಯಾನಿಕ್, "ಅಕ್ಕಾ, ಬೇಜಾರು ಮಾಡ್ಕಬೇಡಿ, ಮೇಷ್ಟ್ರಿಗೆ ಒಬ್ರೇ ಇದ್ದು ಬೇಜಾರು ಕಾಣ್ತದೆ, ಮಾತಾಡಕ್ಕೆ ಕರೀತಿದಾರೆ" ಎಂದ. ಎ.ಸಿ.ಯ ಬಗ್ಗೆ ಮಾವನ ತೀರ್ಮಾನವೇ ಬೇರೆ. "ನಂಗೆ ಸ್ಕೂಲಲ್ಲಿ ಇಂಥ ಮಕ್ಕಳನ್ನ ಕಂಡು ಗೊತ್ತು. ಇನ್‌ಸ್ಪೆಕ್ಟ್ರು ಬಂದಾಗ ಮಾತ್ರ ನೆಟ್ಟಗೆ ನಿಲ್ತಾವೆ!"

ಇನ್ನು ತಡೆಯಲಾರದೆ ಒಂದು ಭಾನುವಾರ ಹೇಳದೆ ಕೇಳದೆ ನಾನೇ ಹೋದೆ. ಸ್ವೆಟರಿನ ಕತೆ ಆ ದಿನದ್ದೇ; ಮಾವನ ಹಳೆಯ ಎಚ್ಚರಿಕೆಗೆ ಮೆಕ್ಯಾನಿಕ್‌ನ 'ಚಳಿ ಹಿಡೀತಿದೆ'ಯೂ ಸೇರಿ, ನಂಬಿ ಹಿಡಿದುಕೊಂಡು ಹೋಗಿದ್ದೆ. ಮಾವ ಎಣ್ಣೆ ಬಾಟ್ಲಿಯ ಎದುರು ಕುರ್ಚಿ ಹಾಕಿ ಅದನ್ನೇ ನೋಡುತ್ತ ಕೂತಿದ್ದ. ಬನಿಯನ್ನು ಬೆನ್ನಿಗೆ ಅಂಟಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮುಖ ತೊಳೆಯೋಣವೆಂದು ಹಿತ್ತಲಿಗೆ ಹೋದವಳು ಗೋಡೆ ನೋಡಿ ಅಲ್ಲಿಯೇ ನಿಂತುಬಿಟ್ಟೆ.

ಎ.ಸಿ.ಗೆ ಹೊರಗಡೆ ಇನ್ನೊಂದು ಪೆಟ್ಟಿಗೆ ಇರುತ್ತದಲ್ಲ, ಒಳಗಿನ ಬಿಸಿಯನ್ನೆಲ್ಲ ಹೊರಗೆ ಊದುವುದು? ಅದರ ಸುತ್ತ ನೀಲಿ ಟಾರ್ಪಾಲು! ಅದರ ಮೇಲೆ ಅಡಿಕೆ ಹಾಳೆಯ ಒಂದು ಮಾಡು! ಎಲ್ಲದಕ್ಕೂ ಸೇರಿಸಿ ಹಗ್ಗ ಸುತ್ತಿ, ಗಂಟು ಹಾಕಿ, ಒಂದು ಹನಿ ನೀರು ನುಸುಳದ ಹಾಗೆ ಬಿಗಿದಿತ್ತು. ನಮ್ಮ ಜನರನ್ನು ಕೇಳಿ ನೋಡಿ. ಮೊದಲ ಗುಡುಗು ಕೇಳಿದ ಕೂಡಲೇ ಸೌದೆಗೆ, ಸ್ಕೂಟರಿಗೆ, ಪಂಪಿಗೆ, ಹೊರಗಿರುವ ಎಲ್ಲದಕ್ಕೂ ಹೊದಿಸದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

"ಇದೆಂತದು ಮಾವ?"

"ಮಳೆ ಬಂತಲ್ಲ ಮಾರಾಯ್ತಿ. ಹೊಸಾ ಮಷಿನ್ನು, ಒದ್ದೆಯಾಗಲ್ವಾ?"

"ಮೂಗು ಬಾಯಿ ಕಟ್ಟಿಟ್ಟು ಉಸಿರಾಡು ಅಂದ್ರೆ ಹ್ಯಾಗೆ ಆಡ್ತದೆ ಅದು? ಮೆಕ್ಯಾನಿಕ್ ನೋಡ್ಲಿಲ್ವಾ ಇದನ್ನ?"

ಮಾವ ಸೀಟಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದ, "ಅವನು ಬರೋ ದಿನ ಎಲ್ಲ ಬಿಚ್ಚಿ ಒರೆಸಿ ಇಡ್ತಿದ್ದೆ. ಹೊರಗಿನವರು ಬರುವಾಗ ಚೊಕ್ಕ ಇರಬೇಕಲ್ಲ? ಅವನು ಹೋದ್ಮೇಲೆ ಪುನಃ ಕಟ್ತಿದ್ದೆ."

ನಾನೇ ಹಗ್ಗ ಬಿಚ್ಚಿದೆ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಎಣ್ಣೆ ಬಾಟ್ಲಿಯ ಬುಡದಲ್ಲಿ ಬೆಳ್ಳಗೆ ಕಟ್ಟತೊಡಗಿತ್ತು. ಮಾವ ಎದ್ದು ನಿಂತು ಅದನ್ನು ಕೈಗೆತ್ತಿಕೊಂಡ. "ಈಗ ಹೇಳು ಅಕ್ಕಂಗೆ" ಎಂದ. ದನಿ ಡ್ರಿಲ್ ಮೇಷ್ಟ್ರದ್ದಾಗಿರಲಿಲ್ಲ.

ಸಂಜೆ ಅಮ್ಮನಿಗೆ ಎಣ್ಣೆ ಬಾಟ್ಲಿಯ ಕತೆ, ಟಾರ್ಪಾಲಿನ ಕತೆ ಎರಡೂ ಹೇಳಿದೆ. ನಗುತ್ತ ನಗುತ್ತ ಅವಳಿಗೆ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಕೇಳಿದಳು.

"ಎಣ್ಣೆ ಬಾಟ್ಲಿ ನೋಡ್ತಾ ಕೂತಿದ್ನಾ ಅವನು?"

"ಹೂಂ ಅಮ್ಮ."

"ಗುರುವಾರ ಬರ್ತೀನಿ ಅನ್ನು."

ಗುರುವಾರ ಕೊಪ್ಪದಲ್ಲಿ ನಾನೂ ಅಮ್ಮನ ಜೊತೆ ಬಸ್ಸು ಹತ್ತಿದೆ. ಮಾವ ಬೆಳಿಗ್ಗೆಯೇ ಎ.ಸಿ. ಹಾಕಿಟ್ಟಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅಮ್ಮ ನಡುಕೋಣೆಯ ಮಂಚದ ಮೇಲೆ ಕೂತು ಸೆರಗು ಹೊದ್ದುಕೊಂಡಳು. ಮಾವ ಅವಳ ಎದುರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ, ಥೇಟು ರಿಸಲ್ಟಿಗೆ ಕಾಯುವ ಹುಡುಗನ ಹಾಗೆ.

"ಸೆಕೆ ಆಗ್ತದನೇ ಅಕ್ಕ?"

"ಇಲ್ಲ ಮಾರಾಯ. ಚಳಿ."

"ಹಂಗಾರೆ ಇರ್ತೀಯಲ್ಲ?"

ಅಮ್ಮ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಆಮೇಲೆ, "ಸೆಕೆ ಅಂದಿದ್ದು ಸುಳ್ಳು ಕಣೋ" ಎಂದಳು. "ಅವಳು ಇಲ್ದೇ ಇರೋ ಈ ಮನೇಲಿ ನಂಗೆ…"

"ಗೊತ್ತಿತ್ತು ಅಕ್ಕ" ಎಂದ ಮಾವ.

"ಗೊತ್ತಿದ್ದೂ ಇದನ್ನ ತಂದ್ಯಾ?"

"ಮತ್ತೆಂತ ಮಾಡ್ಲಿ? ನಂಗೂ ಈ ಮನೇಲಿ ಹಂಗೇ ಆಗ್ತದೆ. ಅದಕ್ಕೆ ಎಲ್ಲಿ ಎಂತ ಸಿಗ್ತದೆ ಹೇಳು? ಸೆಕೆಗಾದ್ರೆ ಅಂಗಡೀಲಿ ಮಷಿನ್ ಸಿಗ್ತದೆ."

ನಾನು ಬಾಗಿಲ ಹತ್ತಿರ ನಿಂತಿದ್ದೆ, ಕಣ್ಣು ತುಂಬಿ ಅವರಿಬ್ಬರೂ ಸರಿಯಾಗಿ ಕಾಣುತ್ತಿರಲಿಲ್ಲ. ಅಮ್ಮ ಮಂಚದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬಾ, ಕೂತ್ಕ. ಅವಳ ಸುದ್ದಿ ಹೇಳು" ಎಂದಳು. "ಕಿಗ್ಗದಲ್ಲಿ ಅವಳ ಸುದ್ದಿ ಮಾತಾಡಕ್ಕೆ ನಂಗೆ ಯಾರೂ ಇಲ್ಲ."

ಮಾವ ಕೂತ. ನಾನು ಕಾಫಿಗೆ ನೀರಿಡಲು ಒಳಗೆ ಹೋದೆ.