ನಮ್ಮ ಭಾವನವರ ಲಿಥುವೇನಿಯಾ

ನಮ್ಮ ಭಾವನವರ ಎದುರಿಗೆ ಮೂರು ಮಾತು ಎತ್ತಬಾರದು: ಹೊಗೆ, ಕಿಟಕಿ, ತೋಳ. ಮ್ಯಾನ್‌ಹಟನ್‌ನಿಂದ ಹೊಳೆಯಾಚೆಯ ಫೋರ್ಟ್ ಲೀಯ ಹನ್ನೊಂದನೇ ಮಹಡಿಯಲ್ಲಿ ತೋಳದ ಮಾತು ಯಾಕೆ ಬರುತ್ತೆ ಅಂತೀರಾ? ಬರುತ್ತೆ! ಒಂದು ದಿನ ಮಗಳಿಗೆ ಭೀಮನ ಕಥೆ ಹೇಳುತ್ತಾ ಊಟ ಮಾಡಿಸುತ್ತಿದ್ದೆ. "ಭೀಮನಿಗೆ ವೃಕೋದರ ಅಂತ ಇನ್ನೊಂದು ಹೆಸರು" ಅಂದೆ, ಅಷ್ಟೇ. ಪೇಪರ್ ಮಡಿಚಿಟ್ಟು ಎದ್ದೇ ಬಂದರು. "ವೃಕ ಅಂದ್ರೆ ತೋಳ. ಲಿಥುವೇನಿಯನ್‌ನಲ್ಲಿ ವಿಲ್ಕಸ್. ಕೇಳು ಮರಿ, ವಿಲ್ಕಸ್, ವಿಲ್ಕೊ, ವಿಲ್ಕುಯಿ..." ಏಳು ವಿಭಕ್ತಿ ಮುಗಿಯುವ ಹೊತ್ತಿಗೆ ಅನ್ನ ಆರಿತ್ತು, ಮಗಳು ಟೀವಿ ಮುಂದೆ ಕೂತಿದ್ದಳು.

ಭಾವ ಅಂದರೆ ನಮ್ಮವರ ಅಣ್ಣ. ಮ್ಯಾನ್‌ಹಟನ್‌ನಲ್ಲಿ ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರು. ಎಂಬತ್ತರ ದಶಕದ ಶುರುವಿನಲ್ಲಿ ನಾವು ಮೈಸೂರಿನಿಂದ ಬಂದು ಎರಡೇ ತಿಂಗಳಿಗೆ ಅಂತ ಅವರ ಮನೆಯಲ್ಲಿ ಇಳಿದುಕೊಂಡೆವು. ಹತ್ತು ವರ್ಷ ಅಲ್ಲೇ ಇದ್ದೆವು! ಆಫೀಸಿನ ಹತ್ತಿರದ ಹಳೇ ಪುಸ್ತಕದಂಗಡಿಯಿಂದ ಅವರು ಕೊಂಡು ತರುತ್ತಿದ್ದುದು ಬರೀ ವ್ಯಾಕರಣ. ಅದೂ ಯಾವುದು? ನಾರ್ವೆ, ಫಿನ್‌ಲೆಂಡ್, ಲಿಥುವೇನಿಯಾ! ಆ ದೇಶಗಳವರ ಮುಖವನ್ನೂ ಅವರು ನೋಡಿದವರಲ್ಲ.

"ಅಲ್ಲ ಭಾವ, ಎಲ್ಲಿಯ ಲಿಥುವೇನಿಯಾ, ಎಲ್ಲಿಯ ಸಂಸ್ಕೃತ? ಅದು ಇದರ ಮಗಳಾ?" ಅಂತ ಒಮ್ಮೆ ಕೇಳಿದೆ.

"ಮಗಳಲ್ಲಮ್ಮ, ದೂರದ ಊರಿಗೆ ಕೊಟ್ಟ ತಂಗಿ. ಆ ಚಳಿಯಲ್ಲೂ ತವರಿನ ಒಡವೆ ಎಷ್ಟು ಜೋಪಾನ ಮಾಡಿದಾಳೆ ನೋಡು."

"ಫ್ರಿಜ್‌ನಲ್ಲಿಟ್ಟ ಹುಳಿ ಹಾಗೆ ಅನ್ನಿ" ಅಂದೆ. ಅವರಿಗೆ ನಗು ಬರಲಿಲ್ಲ. "ಹಾಗೂ ಹೇಳಬಹುದು" ಅಂತ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು.

ಅವರ ಜೊತೆ ಕಾರಿನಲ್ಲಿ ಹೋಗುವುದು ಇನ್ನೊಂದು ಶಿಕ್ಷೆ. ಫಿನ್ನಿಶ್‌ಗೆ ಹದಿನೈದು ವಿಭಕ್ತಿಯಂತೆ. ತಲೊ ಅಂದರೆ ಮನೆ, ತಲೊಸ್ಸ ಅಂದರೆ ಮನೆಯಲ್ಲಿ, ತಲೊಸ್ತ ಅಂದರೆ ಮನೆಯಿಂದ. ನಾವು ಚಿಕ್ಕಂದಿನಲ್ಲಿ ರಾಮಃ ರಾಮೌ ರಾಮಾಃ ಅಂತ ಉರು ಹೊಡೆದ ರಾಗದಲ್ಲೇ ಟೋಲ್ ಕೊಟ್ಟ ಕೂಡಲೇ ಶುರು ಮಾಡುತ್ತಿದ್ದರು. ಸೇತುವೆ ದಾಟಿ ಮ್ಯಾನ್‌ಹಟನ್ ಮುಟ್ಟುವಾಗ ಹದಿನೈದೂ ಮುಗಿಯುತ್ತಿತ್ತು. ಟ್ರಾಫಿಕ್ ಇದ್ದರೆ ಬಹುವಚನವೂ ಆಗುತ್ತಿತ್ತು! ಹಿಂದಿನ ಸೀಟಿನಿಂದ ಮಗಳು, "ಮಾಮ್, ದೊಡ್ಡಪ್ಪ ಈಸ್ ಡೂಯಿಂಗ್ ಇಟ್ ಅಗೇನ್!" ಅಂತ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಭಾವನವರಿಗೆ ಮದುವೆ ಯಾಕಾಗಲಿಲ್ಲ ಅಂತ ಈಗ ನೀವು ಕೇಳಬಾರದು. ಆದರೂ ಹೇಳುತ್ತೇನೆ. ಜ್ಯಾಕ್ಸನ್ ಹೈಟ್ಸ್‌ನಲ್ಲಿ ಒಬ್ಬ ಹುಡುಗಿಯನ್ನು ನೋಡಲು ಕರೆದುಕೊಂಡು ಹೋಗಿದ್ದೆವು. ಕೇಸರಿಬಾತು, ಉಪ್ಪಿಟ್ಟು ಎಲ್ಲ ಆಯಿತು. ಹುಡುಗಿ ಪಾಪ, ಸೆಕೆ ಅಂತ ಎದ್ದು ಕಿಟಕಿ ತೆಗೆದಳು. ಅವಳಿಗೇನು ಗೊತ್ತು! "ವಿಂಡೋ ಅನ್ನೋದು ಇಂಗ್ಲಿಷಿನದಲ್ಲ. ನಾರ್ವೆ ಕಡೆಯ ಹಳೇ ನಾರ್ಸ್ ಭಾಷೆಯದು. ಗಾಳಿಯ ಕಣ್ಣು ಅಂತ ಅರ್ಥ. ನಮ್ಮದು ಗವಾಕ್ಷ, ಹಸುವಿನ ಕಣ್ಣು!" ಅಂತ ಹಿಡಿದವರು ಮುಕ್ಕಾಲು ಗಂಟೆ ಬಿಡಲಿಲ್ಲ. ಮಾರನೇ ದಿನ ಹುಡುಗಿಯ ತಂದೆ ಫೋನ್ ಮಾಡಿದರು. "ನಿಮ್ಮ ಭಾವನವರು ತುಂಬಾ ಒಳ್ಳೆಯವರಮ್ಮ. ಆದರೆ ಅವರು ಬಂದು ನೋಡಿದ್ದು ನಮ್ಮ ಕಿಟಕೀನ."

ಇನ್ನು ಹೊಗೆಯ ವಿಷಯ. ಒಂದು ಭಾನುವಾರ ನನ್ನ ಒಗ್ಗರಣೆ ಸೀದು, ಸ್ಮೋಕ್ ಅಲಾರಂ ಕಿರುಚಿಕೊಂಡಿತು. ನಮ್ಮವರು ಟವೆಲ್ ಬೀಸುತ್ತಿದ್ದಾರೆ, ನಾನು ಕೆಮ್ಮುತ್ತಾ ಬಾಗಿಲು ತೆಗೆದಿದ್ದೇನೆ. ಭಾವ ಮಾತ್ರ ಅಲಾರಂ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಧೂಮ! ಲಿಥುವೇನಿಯನ್‌ನಲ್ಲಿ ದೂಮಸ್! ಇಷ್ಟೊಂದಕ್ಕೆ ಬಹುವಚನವೇ ಸರಿ, ದೂಮಾಯ್! ದೂಮಾಯ್!" ಅಂತ ಕೂಗುತ್ತಿದ್ದಾರೆ.

ಬಾಗಿಲಲ್ಲಿ ಯಾರೋ "ದೂಮಾಯ್?" ಅಂದರು.

ತಿರುಗಿ ನೋಡಿದರೆ ಪಕ್ಕದ ಮನೆಯ ಮುದುಕಿ, ಕೋಲು ಹಿಡಿದು ನಿಂತಿದ್ದಾರೆ. ಆರು ವರ್ಷದಿಂದ ಲಿಫ್ಟಿನಲ್ಲಿ "ಕೋಲ್ಡ್ ಟುಡೇ" ಅನ್ನುವುದರಾಚೆ ನಮಗೆ ಮಾತಿರಲಿಲ್ಲ. ಆಕೆ ಲಿಥುವೇನಿಯಾದವರು! ಯುದ್ಧದ ಕಾಲದಲ್ಲಿ ಊರು ಬಿಟ್ಟವರು. ಭಾವನವರ ಮುಖ ನೋಡಬೇಕಿತ್ತು ನೀವು. ಉತ್ಸವಮೂರ್ತಿಯೇ ಮನೆ ಬಾಗಿಲಿಗೆ ಬಂದ ಹಾಗೆ ಕೈ ಮುಗಿದರು.

ಅಲ್ಲಿಂದ ಪ್ರತಿ ಭಾನುವಾರ ಪಕ್ಕದ ಮನೆಗೆ ಹಾಜರಿ. ಆಕೆಯ ತಂಗಿ ಇನ್ನೂ ಅಲ್ಲೇ ಹಳ್ಳಿಯಲ್ಲಿದ್ದಳು. ನಲವತ್ತು ವರ್ಷದ ಮೇಲಾಗಿತ್ತು ಮುಖ ನೋಡಿ. ಬರುವುದು ಕಾಗದ ಮಾತ್ರ. ಈಚೆಗೆ ಮುದುಕಿಗೆ ಕಣ್ಣು ಮಂಜಾಗಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಇಲ್ಲೇ ಬೆಳೆದ ಅವರ ಮಗನಿಗೆ ಆ ಭಾಷೆ ಬಾರದು. ಓದದ ಕಾಗದಗಳು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡಿದ್ದವು. ಭಾವನವರಿಗೆ ಅರ್ಥ ಅರ್ಧವೂ ಆಗದಿದ್ದರೂ ಓದಲು ಬರುತ್ತಿತ್ತಲ್ಲ! ಮಂತ್ರ ಹೇಳುವ ಹಾಗೆ ಸ್ಪಷ್ಟವಾಗಿ ಓದುತ್ತಿದ್ದರು. ಮುದುಕಿ ನಗುತ್ತಿದ್ದರು, ಅಳುತ್ತಿದ್ದರು.

ಆದರೆ ನಮ್ಮ ಭಾವ ಸುಮ್ಮನೆ ಓದುವ ಪೈಕಿಯೇ? ಸಾಲಿಗೊಂದು ಕಡೆ ನಿಲ್ಲಿಸಿ, "ಇದು ನಮ್ಮಲ್ಲೂ ಇದೆ!" ಅನ್ನುವುದು. ಆಕೆ ಕೋಲಿನಿಂದ ನೆಲ ಕುಟ್ಟಿ "ರೀಡ್! ಜಸ್ಟ್ ರೀಡ್!" ಅನ್ನುವುದು. ಎಲ್ಲ ಕಾಗದದ ಕೊನೆಗೂ ತಂಗಿ "ತವೊ ಸೆಸುವೊ" ಅಂತ ಬರೆಯುತ್ತಿದ್ದಳು. ಅಂದರೆ ನಿನ್ನ ತಂಗಿ. ಅಲ್ಲಿಗೆ ಬಂದರಂತೂ ಭಾವ ಕುರ್ಚಿಯಿಂದ ಎದ್ದೇ ಬಿಡುತ್ತಿದ್ದರು. "ತವ ಸ್ವಸಾ! ಅಕ್ಷರ ಅಕ್ಷರ ಸಂಸ್ಕೃತ!" ಕೋಲು ಮತ್ತೆ ಠಕ್ ಠಕ್. ಗೋಡೆಯಾಚೆ ನನಗೆ ಕೇಳಿಸುತ್ತಿತ್ತು.

ಹೀಗೇ ಮೂರ್ನಾಲ್ಕು ವರ್ಷ ಕಳೆದು ಆ ದೇಶಕ್ಕೆ ಸ್ವಾತಂತ್ರ್ಯ ಬಂತು, ಹೊರಗೆ ಹೋಗಿಬರುವ ದಾರಿ ತೆರೆಯಿತು. ಬೇಸಗೆಗೆ ಬರುತ್ತೇನೆ ಅಂತ ತಂಗಿ ಬರೆದಳು. ಮುದುಕಿ ಹೊಸ ಪರದೆ ಹಾಕಿಸಿದರು, ತಂಗಿಗೆ ಅಂತ ಒಂದು ಕೋಟು ಕೊಂಡಿಟ್ಟರು. ಮುಂದಿನ ಕಾಗದ ಬಂದ ಭಾನುವಾರ ನಾನೂ ಉಪ್ಪಿಟ್ಟು ತೆಗೆದುಕೊಂಡು ಹೋಗಿದ್ದೆ. ಭಾವ ಲಕೋಟೆ ಒಡೆದರು. ಕೈಬರಹ ಬೇರೆ. ಎರಡು ಸಾಲು ಓದಿದರು, ಮೂರನೆಯದರಲ್ಲಿ "ಮಿರೆ" ಅಂದು ನಿಂತುಬಿಟ್ಟರು. ಅವರ ಜೊತೆ ಹತ್ತು ವರ್ಷ ಇದ್ದವಳಿಗೆ ಅಷ್ಟು ಗೊತ್ತಾಗಲ್ವೇ? ಮೃತ.

ಪದದ ಮೂಲ ಗೊತ್ತಿದ್ದೂ ಅವರು ಬಾಯಿ ಬಿಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುದುಕಿಗೆ ಮೂಲ ಬೇಕಿರಲಿಲ್ಲ, ಅದು ಅವರ ಭಾಷೆ. ಕೋಲು ಅಲುಗಾಡಲಿಲ್ಲ. "ರೀಡ್" ಅಂದರು ಮೆಲ್ಲಗೆ. ಭಾವ ಕೊನೆಯವರೆಗೂ ಓದಿದರು. ತಂಗಿಯ ಮಗ ಬರೆದದ್ದಂತೆ.

ಆಮೇಲೆ ಭಾವ ತಾವೇ ಡಬ್ಬಿ ತೆಗೆದು, ಎಲ್ಲಕ್ಕಿಂತ ಹಳೆಯ ಕಾಗದ ಹುಡುಕಿ ಓದತೊಡಗಿದರು. ಎಲ್ಲೂ ನಿಲ್ಲಿಸಲಿಲ್ಲ, ಏನೂ ಹೇಳಲಿಲ್ಲ. ಕೊನೆಗೆ "ತವೊ ಸೆಸುವೊ" ಅಂತ ಓದಿ ಕಾಗದ ಮಡಿಚಿದರು.

ಮುದುಕಿ ಕಾದರು. ಕೋಲಿನಿಂದ ನೆಲ ಕುಟ್ಟಿದರು.

"ಯಾಕೆ ನಿಲ್ಲಿಸಿದೆ? ನಿಮ್ಮ ಭಾಷೆಯಲ್ಲೂ ಹೇಳು."

"ತವ ಸ್ವಸಾ" ಅಂದರು ಭಾವ. ಎದ್ದು ನಿಲ್ಲಲಿಲ್ಲ.

"ಇನ್ನೊಂದು ಸಲ" ಅಂದರು ಆಕೆ.